ಬಾಗಿಲ ಪಕ್ಕದ ಜಾಗ

ತೆಗರ್, ನುಬ್ರಾ
4 ಅಕ್ಟೋಬರ್ 1985

ಪ್ರೀತಿಯ ಅಬಾ-ಲೆ,

ಜುಲೆ. ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವ ಖಂಗ್ಸರ್ ದೊಡ್ಡಮನೆಯ ಕುಂಜೆಸ್ ಅಬಿ-ಲೆಗೂ ಜುಲೆ. ಅಬಿ-ಲೆ, ಮೊದಲು ಅಪ್ಪನ ಕೈಗೆ ಒಂದು ಬಟ್ಟಲು ಬೆಣ್ಣೆ ಚಹಾ ಕೊಡಿ. ಅವರು ಅರ್ಧ ಕುಡಿದ ಮೇಲೆ ಮುಂದೆ ಓದಿ.

ಮದುವೆ ನಿಶ್ಚಯವಾಯಿತು. ಹುಡುಗ ನವಾಂಗ್. ಬೇಸಿಗೆ ರಜೆಯಲ್ಲಿ ನನ್ನ ಜೊತೆ ಲೇಹ್‌ಗೆ ಬಂದು ನಮ್ಮ ಮನೆಯ ಸೂರಿಗೆ ಹಣೆ ಬಡಿದುಕೊಂಡನಲ್ಲ, ಅವನೇ. ಇಲ್ಲಿನ ಆಸ್ಪತ್ರೆಯ ಕಾಂಪೌಂಡರ್. ಅವನು ಹೋದ ಮೇಲೆ ನೀವು 'ಕೈ ಹಗುರ ಇದೆ, ಮಾತು ಕಡಿಮೆ' ಎಂದು ಎರಡೇ ಮಾತು ಹೇಳಿದ್ದಿರಿ. ನನಗೆ ಅಷ್ಟು ಸಾಕಿತ್ತು. ಫೆಬ್ರವರಿಯಲ್ಲಿ, ಉಳುಮೆ ಶುರುವಾಗುವ ಮೊದಲು, ಅವರ ಮನೆಯಲ್ಲೇ ಊಟ.

ನಾವು ಮೋನ್ ಜನ, ಓಲಗದವರು ಎಂದು ಮೊದಲ ದಿನವೇ ನವಾಂಗನ ತಂದೆ ಮುತುಪ್ ಅವರಿಗೆ ಹೇಳಿದ್ದೆ. ಅವರು ಒಲೆಗೆ ಸಗಣಿ ಬೆರಣಿ ಹಾಕುತ್ತಾ ಕೇಳಿಸಿಕೊಂಡರು. ಮೊನ್ನೆ ತಾವಾಗಿಯೇ ಕರೆದು, "ನಿಮ್ಮಪ್ಪ ಬರ್ಬೇಕಮ್ಮ. ಹೆಣ್ಣಿನಪ್ಪ ಮನೇಲೇ ಉಳ್ಕೋಬೇಕು ಅನ್ನೋದೆಲ್ಲ ಹಳೇ ಕಾಲದ್ದು. ಬಂದು ನಮ್ಮ ಸಾಲಲ್ಲಿ ಕೂತು ಊಟ ಮಾಡ್ಲಿ" ಎಂದರು.

ನನ್ನ ಆಸೆಯೂ ಅದೇ. ಬೇರೆ ಒಡವೆ ವಸ್ತ್ರ ಏನೂ ಬೇಡ. ಸಾಲಿನ ಕೊನೆಯಲ್ಲಿ, ಬಾಗಿಲ ಪಕ್ಕ, ಜನ ಬಿಟ್ಟ ಚಪ್ಪಲಿಗಳ ಹತ್ತಿರ ಕೂರಬೇಕು ಎಂದು ನೀವು ನನಗೆ ಯಾವತ್ತೂ ಹೇಳಿಕೊಟ್ಟವರಲ್ಲ. ನೀವು ಕೂರುವುದನ್ನು ನೋಡಿಯೇ ಕಲಿತೆ. ನನ್ನ ಮದುವೆಯ ದಿನ ನೀವು ಅಲ್ಲಿ ಕೂರಬಾರದು. ನನ್ನ ಅಪ್ಪನಾಗಿ, ನನಗೆ ಕಾಣುವ ಹಾಗೆ, ಸಾಲಿನಲ್ಲಿ ಮೇಲೆ ಕೂರಬೇಕು. ಊದಲು ಸೂರ್ನಾ ತರುವುದೂ ಬೇಡ. ನವಾಂಗನ ಚಿಕ್ಕಪ್ಪನ ಮಗ ಟೇಪ್ ರೆಕಾರ್ಡರ್ ತರುತ್ತಾನೆ.

ಬರುತ್ತೇನೆ ಎಂದು ಒಂದು ಸಾಲು ಬರೆಸಿ.

ನಿಮ್ಮ
ಸ್ಪಲ್ಜೆಸ್


ಲೇಹ್
15 ಅಕ್ಟೋಬರ್ 1985

ಮಗಳು ಸ್ಪಲ್ಜೆಸ್‌ಗೆ ಅಪ್ಪ ತಾರ್ಚಿನ್ ಬರೆಸುವುದು.

ನಿನ್ನ ಕಾಗದ ತಲುಪಿತು. ಖಂಗ್ಸರ್ ಮನೆಯ ಅಮಾ-ಲೆ ಎರಡು ಸಲ ಓದಿ ಹೇಳಿದರು. ನನಗೆ ಸಂತೋಷವಾಗಿದೆ. ಹುಡುಗ ಒಳ್ಳೆಯವನು. ಸೂರು ತಗ್ಗು ಎಂದು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು.

ಇಲ್ಲಿ ಕೊಯ್ಲು ಮುಗಿಯಿತು. ಏಪ್ರಿಕಾಟ್ ಒಣಗಿಸಿ ನಿನ್ನ ಪಾಲು ಚೀಲಕ್ಕೆ ಹಾಕಿಟ್ಟಿದ್ದೇನೆ. ಮಾಳಿಗೆಗೆ ಹೊಸ ಮಣ್ಣು ಬಳಿದೆ. ಮಂಡಿ ನೋವು ಇದ್ದಷ್ಟೇ ಇದೆ, ಹೆಚ್ಚಿಲ್ಲ.

ಟೇಪ್ ರೆಕಾರ್ಡರ್ ವಿಷಯ. ಮದುಮಗಳು ಹೊಸಿಲು ದಾಟುವಾಗ ಅವಳ ಹೆಜ್ಜೆ ನೋಡಿಕೊಂಡು ಊದಬೇಕು. ಅವಳು ನಿಂತರೆ ಸೂರ್ನಾನೂ ಕಾಯಬೇಕು. ಡಬ್ಬಿಗೆ ಕಣ್ಣಿದೆಯೇ? ನಡುವೆ ಸೆಲ್ ಮುಗಿದರೆ ನೀನು ಹೊಸಿಲ ಮೇಲೆ ಒಂದು ಕಾಲು ಇಟ್ಟುಕೊಂಡು ನಿಂತಿರುತ್ತೀಯಾ? ನಾನು ಬರುವುದಾದರೆ ಊದುವುದಕ್ಕೆ ಬರುತ್ತೇನೆ. ಊದುವವನಿಗೆ ಅವನ ಜಾಗ ಇದೆ. ಅಲ್ಲಿ ಕೂರಿಸಿ ಕುಡಿಯಲು ಒಂದು ಬಟ್ಟಲು ಛಂಗ್ ಕೊಟ್ಟರೆ ಆಯಿತು. ಬೇರೆ ಕಡೆ ಕೂರುವುದು ನನಗೆ ಗೊತ್ತಿಲ್ಲ. ಅದು ಬೇಡ ಎಂದಾದರೆ ಮನೆಯಲ್ಲೇ ದೀಪ ಹಚ್ಚಿ ಕೂತಿರುತ್ತೇನೆ. ಹೆಣ್ಣಿನಪ್ಪ ಮನೆಯಲ್ಲೇ ಇರುವುದು ಪದ್ಧತಿ.

ಚಳಿ ಜೋರಾಗುವ ಮೊದಲು ಕಿವಿ ಮುಚ್ಚುವ ಟೋಪಿ ಹಾಕಿಕೋ.

ಹೀಗೆ,
ಅಪ್ಪ (ಹೆಬ್ಬೆಟ್ಟು ಒತ್ತಿದ್ದಾನೆ)

ಇದರ ಕೆಳಗೆ ಬರೆಯುತ್ತಿರುವುದು ನಾನು, ಕುಂಜೆಸ್. ಅವನಿಗೆ ಗೊತ್ತಿಲ್ಲ. ಸಂತೋಷವಾಗಿದೆ ಎಂದು ಒಂದೇ ಸಲ ಬರೆದಿದ್ದೇನೆ, ಅವನು ನಾಲ್ಕಾರು ಸಲ ಹೇಳಿದ. ಮತ್ತೆ ಮತ್ತೆ ಬರೆಯಲು ನನ್ನ ಕಣ್ಣು ಒಪ್ಪಲಿಲ್ಲ. ನಿಮ್ಮಪ್ಪನ ಟೇಪ್ ರೆಕಾರ್ಡರ್ ಜಗಳವನ್ನು ನಂಬಬೇಡ ಹುಡುಗಿ. ಅವನಿಗೆ ಬೇರೆ ಏನೋ ಭಯವಿದೆ. ಏನೆಂದು ನನಗೂ ಹೇಳುತ್ತಿಲ್ಲ.


ತೆಗರ್
2 ನವೆಂಬರ್ 1985

ಅಬಾ-ಲೆ,

ನಿಮ್ಮ ಕಾಗದ ಓದಿ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ನಾನು ಪಾಠ ಹೇಳುವ ಮಕ್ಕಳು, ಯಾರೋ ಸತ್ತಿದ್ದಾರೆ ಅಂದುಕೊಂಡು, ಗಲಾಟೆ ಮಾಡದೆ ಕೂತಿದ್ದವು.

'ಕೂರುವುದು ಗೊತ್ತಿಲ್ಲ' ಎಂದರೆ ಏನರ್ಥ? ಕೂರುವುದಕ್ಕೆ ಯಾರಾದರೂ ವಿದ್ಯೆ ಕಲಿಯಬೇಕೇ? ಮುತುಪ್ ಅವರು ಬಾಯಿ ಬಿಟ್ಟು ಕರೆದಿದ್ದಾರೆ. ಇನ್ನೇನು ಬೇಕು ನಿಮಗೆ?

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನೀವು ಜೀವಮಾನವಿಡೀ ಅರಮನೆಯ ಬಿಸಿಲುಮಚ್ಚಿನ ಮೇಲೆ ನಿಂತು ಊದಿದವರು. ಲೋಸರ್ ಹಬ್ಬಕ್ಕೆ ಮೇಲಿಂದ ನಿಮ್ಮ ಸೂರ್ನಾ ಕೇಳಿದ ಮೇಲೆಯೇ ಕೆಳಗಿನ ಊರಿನವರು ಹೊಸ ವರ್ಷ ಬಂತು ಎನ್ನುತ್ತಿದ್ದರು. ತಾತ ಊದಿದ್ದೂ ಅಲ್ಲೇ. ಆದರೆ ಇಬ್ಬರೂ ಹೊರಗಿನ ಮೆಟ್ಟಿಲು ಹತ್ತಿ, ಹೊರಗಿನಿಂದಲೇ ಇಳಿದಿರಿ. ಚಿಕ್ಕವಳಿದ್ದಾಗ 'ಒಳಗೆ ಹೇಗಿದೆ ಅಬಾ-ಲೆ' ಎಂದು ಕೇಳಿದರೆ ನೀವು 'ಕತ್ತಲೆ ಇರ್ಬೇಕು' ಎನ್ನುತ್ತಿದ್ದಿರಿ.

ಈಗ ಅಲ್ಲಿ ರಾಜರಿಲ್ಲ, ಅವರ ಮಂತ್ರಿಗಳಿಲ್ಲ. ಅವರ ಮನೆತನ ಹೊಳೆಯಾಚೆಗೆ ಹೋಗಿ ಎಷ್ಟೋ ತಲೆಮಾರಾಯಿತು. ಬಾಗಿಲಲ್ಲಿ ಸರ್ಕಾರದ ಕಾವಲುಗಾರ ಕೂತಿರುತ್ತಾನೆ. ಕ್ಯಾಮೆರಾ ನೇತುಹಾಕಿಕೊಂಡ ಯಾವ ಊರಿನವನು ಬೇಕಾದರೂ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಬರುತ್ತಾನೆ. ನೀವೂ ಹೋಗಿ. ದರ್ಬಾರು ನಡೆಯುತ್ತಿದ್ದ ಆ ಹಜಾರದಲ್ಲಿ ಒಂದು ಗಳಿಗೆ ಕೂತು ಬನ್ನಿ. ನೀವು ಕೂತದ್ದಕ್ಕೆ ರಾಜನ ಹಜಾರ ಕುಸಿಯದಿದ್ದರೆ ಮುತುಪ್ ಅವರ ಅಡುಗೆಮನೆಯೂ ಕುಸಿಯುವುದಿಲ್ಲ.

ನೀವು ಬಾರದೆ ನಾನು ಆ ಹೊಸಿಲು ದಾಟುವುದಿಲ್ಲ. ಇದನ್ನು ನವಾಂಗನಿಗೂ ಹೇಳಿದ್ದೇನೆ. ಅವನು ಕಾಯುತ್ತೇನೆ ಎಂದ.

ಸ್ಪಲ್ಜೆಸ್


ಲೇಹ್
24 ನವೆಂಬರ್ 1985

ಮಗಳಿಗೆ ಅಪ್ಪ ಬರೆಸುವುದು.

ಕ್ಷೇಮ. ಏಪ್ರಿಕಾಟ್ ಚೀಲವನ್ನು ಲಾರಿಯ ರಿಗ್ಜಿನ್ ಕೈಯಲ್ಲಿ ಕಳಿಸಿದ್ದೇನೆ, ಎಣಿಸಿಕೊಳ್ಳಬೇಡ, ಅವನು ದಾರಿಯಲ್ಲಿ ತಿನ್ನುತ್ತಾನೆ. ಕಣಿವೆ ದಾರಿಯ ಮೇಲೆ ಹಿಮ ಬಿದ್ದಿದೆ. ನೀನು ಬರೆದ ಮಾತಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಯೋಚಿಸಿ ಬರೆಸುತ್ತೇನೆ.

ಅಪ್ಪ

ಮಗೂ, ನಾನು ಕುಂಜೆಸ್. ಯೋಚಿಸುತ್ತೇನೆ ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ನಿನ್ನ ಕಾಗದ ಓದಿ ಮುಗಿಸಿ ತಲೆ ಎತ್ತಿದರೆ ಅವನು ಇನ್ನೂ ಒಂದು ಗೇಣು ಬಾಗಿಲ ಕಡೆ ಸರಿದು ಕೂತಿದ್ದ. ನನ್ನ ಮನೆಯಲ್ಲಿ ಅವನು ಕೂರುವ ಜಾಗವೂ ಅದೇ ತಾನೇ. ಅಲ್ಲಿ ಕಂಬಳಿ ಇಲ್ಲ, ಗಾಳಿ ನುಗ್ಗುತ್ತದೆ. ನನ್ನ ಗಂಡ ಬದುಕಿದ್ದಾಗಿನಿಂದ ಅವನು ಬಂದರೆ ಅಲ್ಲೇ. ಎದ್ದು ಹೋದ ಮೇಲೆ ಆ ಜಾಗವನ್ನೇ ನೋಡುತ್ತಾ ಕೂತೆ, ಒಲೆ ಆರಿದ್ದೂ ಗೊತ್ತಾಗಲಿಲ್ಲ.

ಲೋಸರ್ ಕಳೆಯಲಿ. ಅರಮನೆಯ ಗುಡಿಯಲ್ಲಿ ತುಪ್ಪದ ದೀಪ ಹಚ್ಚಬೇಕು, ಮೆಟ್ಟಿಲು ಹತ್ತಲು ನನಗೊಂದು ಕೈ ಬೇಕು ಎಂದು ಅವನನ್ನು ಕೇಳುತ್ತೇನೆ. ನನ್ನ ಕೆಲಸ ಎಂದರೆ ಬರುತ್ತಾನೆ.


ಲೇಹ್
29 ಡಿಸೆಂಬರ್ 1985

ಮುದ್ದಿನ ಸ್ಪಲ್ಜೆಸ್,

ಇದು ಪೂರಾ ನನ್ನ ಕಾಗದ. ಬೆರಳು ಸೆಟೆದುಕೊಂಡಿದೆ, ಶಾಯಿ ಒಲೆಯ ಪಕ್ಕ ಇಟ್ಟರೂ ಗಟ್ಟಿಯಾಗುತ್ತದೆ. ಆದರೂ ನಡೆದದ್ದನ್ನು ಬಿಸಿಯಾಗಿರುವಾಗಲೇ ಬರೆದುಬಿಡಬೇಕು.

ನಿನ್ನೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊರಟೆವು. ನಾನು ಕೋಲು ಹಿಡಿದು, ಅವನ ಭುಜ ಹಿಡಿದು, ಹಾದಿಯುದ್ದಕ್ಕೂ ಬೈಯುತ್ತಾ ಹತ್ತಿದೆ. ಅವನು ಹಬ್ಬದ ಗೊಂಚ ಹಾಕಿಕೊಂಡಿದ್ದ, ಅದೇ ಕಂದು ಬಣ್ಣದ ಉಣ್ಣೆಯ ನಿಲುವಂಗಿ, ನಿಮ್ಮಮ್ಮ ಬದುಕಿದ್ದಾಗ ನೇಯ್ದದ್ದು. ಎದೆಯ ಮಡಿಕೆಯೊಳಗೆ ಸೂರ್ನಾ. "ಅದು ಯಾಕೋ?" ಎಂದೆ. "ಇದಿಲ್ದೆ ಈ ಗುಡ್ಡ ಹತ್ತಿದ್ದೇ ಇಲ್ಲ ಅಮಾ-ಲೆ, ಕಾಲು ತಪ್ಪುತ್ತೆ" ಎಂದ.

ಮರದ ಸಿಂಹಗಳಿರುವ ಬಾಗಿಲ ಹತ್ತಿರ ಬಂದಾಗ ಅವನ ಕಾಲು ತಾನಾಗಿಯೇ ಎಡಕ್ಕೆ, ಹೊರಗಿನ ಮೆಟ್ಟಿಲ ಕಡೆಗೆ ತಿರುಗಿತು. ನಾನು ಭುಜ ಬಿಡಲಿಲ್ಲ. ಕಾವಲುಗಾರ ಹುಡುಗ ಟಿಕೆಟ್ ಹರಿದು ಕೊಟ್ಟು, "ಒಳಗೆ ನೆಲದಲ್ಲಿ ತೂತಿದೆ, ನೋಡ್ಕೊಂಡು ಹೋಗಿ ಅಬಿ-ಲೆ" ಎಂದ. ನೀನು ಕೇಳುತ್ತಿದ್ದೆಯಲ್ಲ, ಹೌದು, ಒಳಗೆ ಕತ್ತಲೆಯೇ. ಪಾರಿವಾಳದ ವಾಸನೆ, ಮಣ್ಣಿನ ವಾಸನೆ. ಗುಡಿಯಲ್ಲಿ ದೀಪ ಹಚ್ಚಿದೆವು. ಅವನು ಅಡ್ಡಬಿದ್ದು ಎದ್ದವನೇ, "ಆಯ್ತಲ್ಲ, ಇಳಿಯೋಣ" ಎಂದ.

"ನನ್ನ ಮಂಡಿ ಕೇಳ್ಬೇಕಲ್ಲಪ್ಪ. ಹಜಾರದಲ್ಲಿ ಸ್ವಲ್ಪ ಕೂತು ಹೋಗೋಣ" ಎಂದೆ. ಅವನಿಗೆ ನನ್ನ ಹುನ್ನಾರ ಗೊತ್ತಾಯಿತು. ನನ್ನ ಮುಖ ನೋಡಿದ, ಮತ್ತೆ ಭುಜ ಕೊಟ್ಟ.

ಹಜಾರ ಎಂದರೆ ಈಗ ಕಂಬಗಳು, ದೂಳು, ತೊಲೆ ಬೀಳದಂತೆ ಕೊಟ್ಟ ಆಸರೆ ಮರಗಳು, ಅಷ್ಟೇ. ಆ ತುದಿಯಲ್ಲಿ ರಾಜ ಕೂರುತ್ತಿದ್ದ ಕಟ್ಟೆ. ನಾನು ಒಂದು ಕಂಬದ ಹತ್ತಿರ ಕೂತೆ. ತಿರುಗಿ ನೋಡಿದರೆ ಇವನು ಬಾಗಿಲ ಪಕ್ಕ, ಹೊಸಿಲಿಗೆ ಬೆನ್ನು ತಾಗುವ ಹಾಗೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಚಪ್ಪಲಿಗಳೂ ಇಲ್ಲ ಅಲ್ಲಿ! ಯಾರೂ ಇಲ್ಲದ ಮನೆಯಲ್ಲಿ ಯಾರೂ ಬಿಡದ ಚಪ್ಪಲಿಯ ಪಕ್ಕ ಕೂತಿದ್ದಾನೆ.

"ಮೇಲೆ ಬಾರೋ ತಾರ್ಚಿನ್."

"ಇದೇ ಆಯ್ತು ಅಮಾ-ಲೆ."

"ಇಲ್ಲಿ ಯಾರಿದಾರೆ ಅಂತ ನಿನಗೆ ಹೆದರಿಕೆ?"

"ಯಾರೂ ಇಲ್ಲ ಅಂತಾನೇ ಹೆದರಿಕೆ. ಇದ್ದಿದ್ರೆ ಎಲ್ಲಿ ಕೂರ್ಬೇಕು ಅಂತ ಅವ್ರೇ ಹೇಳ್ತಿದ್ರು."

ನನಗೆ ರೇಗಿತು. ಎದ್ದು ಹೋಗಿ, ಅವನನ್ನು ದಾಟಿ, ಸಾಲಿನಲ್ಲಿ ಅವನಿಗಿಂತ ಕೆಳಗೆ ಎನ್ನುವ ಹಾಗೆ ಹೊಸಿಲ ಮೇಲೆಯೇ ಕೂತೆ. ಅವನ ಜೀವ ಬಾಯಿಗೆ ಬಂತು. "ಅಯ್ಯಯ್ಯೋ, ಏನಿದು ಅಮಾ-ಲೆ, ಖಂಗ್ಸರ್ ಮನೆಯೋರು, ಯಾರಾದ್ರೂ ನೋಡಿದ್ರೆ!" ಎನ್ನುತ್ತಾ ಹಾರಿ ಹೊಸಿಲಾಚೆ ಹೋಗಿ ನೆಲದ ಮೇಲೆ ಕೂತ. ನಾನು ಬಿಡುತ್ತೇನೆಯೇ? ಕೋಲೂರಿ ಎದ್ದು ಅವನಿಗಿಂತ ಕೆಳಗೆ, ಮೆಟ್ಟಿಲ ಮೇಲೆ ಕೂತೆ. ಅವನು ಇನ್ನೊಂದು ಮೆಟ್ಟಿಲು ಕೆಳಗೆ. ನಾನು ಅದಕ್ಕಿಂತ ಕೆಳಗೆ. ಹೀಗೆ ಇಬ್ಬರು ಮುದುಕರು ಏದುಸಿರು ಬಿಡುತ್ತಾ ಒಬ್ಬರ ಕೆಳಗೊಬ್ಬರು ಕೂರುತ್ತಾ ಅರ್ಧದಷ್ಟು ಮೆಟ್ಟಿಲುಗಳನ್ನು ಇಳಿದುಬಿಟ್ಟೆವು. ಕೆಳಗಿನಿಂದ ಕಾವಲುಗಾರ ತಲೆ ಎತ್ತಿ, "ನೋಡಿ ಮುಗೀತಾ? ಯಾಕೆ ಕೂತ್ಕೊಂಡು ಇಳೀತಿದೀರಾ?" ಎಂದು ಕೇಳಿದ.

ನಿಮ್ಮಪ್ಪ ನಕ್ಕರು. ಅವರು ಹಾಗೆ ನಗುವುದನ್ನು ನಾನು ಇಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಆ ನೀರು ಒರೆಸಿಕೊಂಡರು, ಮತ್ತೆ ಬಂತು, ಆಗ ನಗುತ್ತಿರಲಿಲ್ಲ.

"ಐವತ್ತು ವರ್ಷದಿಂದ ಊದ್ತಾ ಇದನ್ನೇ ನೋಡ್ತಾ ಬಂದಿದೀನಿ ಅಮಾ-ಲೆ" ಎಂದರು. "ಮದುವೆ ಮನೆಗೆ ಬಂದೋರೆಲ್ಲ ಬಾಗಿಲಲ್ಲೇ ಕೂರೋ ಹಾಗೆ ಮಾಡ್ತಾರೆ. ನಾನು ಇಲ್ಲೇ ಸಾಕು, ನಾನು ಇಲ್ಲೇ ಸಾಕು ಅಂತ. ಮನೆಯೋರು ಬಂದು ತೋಳು ಹಿಡಿದು ಎಳೀತಾರೆ. ಅವರು ಬೇಡ ಬೇಡ ಅಂತಾರೆ. ಇವರು ಬಿಡಲ್ಲ. ಜಗಳ ಆಡಿದ ಹಾಗೆ ಎಳೆದಾಡಿ, ಎಲ್ಲಿ ಸಲ್ಬೇಕೋ ಅಲ್ಲಿ ತಗೊಂಡೋಗಿ ಕೂರಿಸ್ತಾರೆ. ಎಲ್ಲರ ತೋಳನ್ನೂ ಎಳೀತಾರೆ ಅಮಾ-ಲೆ, ಕುಡುಕ ಬಂದ್ರೂ ಎಳೀತಾರೆ. ನಾನು ಇಲ್ಲೇ ಸಾಕು ಅಂದ್ರೆ, ಸರಿ ಅಂತಾರೆ."

ಜಾರುತ್ತಿದ್ದ ನನ್ನ ಕೋಲನ್ನು ಗೋಡೆಗೆ ಒರಗಿಸಿಟ್ಟು ಅವರೇ ಮುಂದುವರಿಸಿದರು.

"ಕೂರೋದಕ್ಕೆ ನನಗೇನು ಭಯ. ಮುತುಪ್ ಒಳ್ಳೆಯೋರು, ಅಡುಗೆಮನೇಲಿ ಮಗಳೊಬ್ಬಳಿಗೇ ಹೇಳಿದಾರೆ. ಊರೆಲ್ಲಾ ಕೂತಿರುವಾಗ ಎದ್ದು ಬಂದು ತೋಳು ಹಿಡಿಯೋದು ಬೇರೆ ಮಾತು. ನಾನಾಗೇ ಹೋಗಿ ಮೇಲೆ ಕೂರೋದಕ್ಕೆ ಆಗಲ್ಲ, ಯಾರೂ ಹಾಗೆ ಕೂರಲ್ಲ. ಬಾಗಿಲಲ್ಲಿ ನಿಂತ್ಕೋತೀನಿ. ಆಗ ಯಾರೂ ಏಳದೇ ಹೋದ್ರೆ? ನನಗೇನು, ಅಭ್ಯಾಸ. ಮಗಳು ನೋಡ್ತಿರ್ತಾಳಲ್ಲ."

ಇದು ಅವರ ಭಯ, ಸ್ಪಲ್ಜೆಸ್. ಡಬ್ಬಿಯ ಹಾಡೂ ಅಲ್ಲ, ಪದ್ಧತಿಯೂ ಅಲ್ಲ.

ನಾನು ಎದ್ದೆ. ಎಲ್ಲಿಂದ ಶಕ್ತಿ ಬಂತೋ ಕಾಣೆ. ಅವರ ಗೊಂಚದ ತೋಳು ಹಿಡಿದು, "ಏಳಿ ತಾರ್ಚಿನ್, ಮೇಲೆ ಬನ್ನಿ" ಎಂದು ಎಳೆದೆ. ಅವರು "ಬೇಡ ಬೇಡ, ಇಲ್ಲೇ ಸಾಕು" ಎಂದರು. ಬಾಯಿಗೆ ಬಂದದ್ದು ಅದೊಂದೇ. ನಾನು ಇನ್ನೂ ಜೋರಾಗಿ ಎಳೆದೆ. ಅವರು ಗೋಡೆಯ ಮೊಳೆ ಹಿಡಿದುಕೊಂಡರು. ಸರಿಯಾಗಿಯೇ ಹಟ ಮಾಡಿದರು ಅನ್ನು, ಯಾವ ಸಾಹುಕಾರನೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಪರ್ ಎಂದು ಹೊಲಿಗೆ ಬಿಟ್ಟಿತು. ತೋಳು ಕಂಕುಳವರೆಗೆ ಹರಿದು ನನ್ನ ಕೈಗೆ ಬಂತು. ಇಬ್ಬರೂ ಅದನ್ನು ನೋಡಿದೆವು. ಆಮೇಲೆ ಅವರು ಮಗುವಿನ ಹಾಗೆ ನನ್ನ ಹಿಂದೆ ಬಂದರು.

ಕಂಬಗಳ ನಡುವೆ ಕರೆದುಕೊಂಡು ಹೋಗಿ, ರಾಜನ ಕಟ್ಟೆಗೆ ಹತ್ತಿರವೇ, ನನ್ನ ಶಾಲು ಹಾಸಿ ಕೂರಿಸಿದೆ. ಅವರ ಕೆಳಗೆ ನಾನು ಕೂತೆ. ಈ ಸಲ ಅವರು ಏಳಲಿಲ್ಲ. ಮುರಿದ ಕಿಟಕಿಯಿಂದ ಒಂದಿಷ್ಟು ಬಿಸಿಲು ಅವರ ಮಂಡಿಯ ಮೇಲೆ ಬಿದ್ದಿತ್ತು. ಕೂತಲ್ಲಿಂದಲೇ ಕತ್ತು ಚಾಚಿ ಆ ಕಿಟಕಿಯಾಚೆ ಇಣುಕಿದರು. ಕೊನೆಗೆ, "ಇಲ್ಲಿಂದ ಊರು ಕಾಣಿಸೋದೇ ಇಲ್ವಲ್ಲ ಅಮಾ-ಲೆ. ನಾನು ನಿಲ್ಲೋ ಜಾಗದಿಂದ ಹೊಳೆವರೆಗೂ ಕಾಣುತ್ತೆ. ಪಾಪ, ರಾಜರು" ಎಂದರು.

ಊದಿ ಎಂದೆ. ಇವತ್ತು ಬೇಡ, ಇವತ್ತು ಕೂತಿರ್ತೀನಿ ಎಂದರು.

ನಿನ್ನ ಅಬಿ,
ಕುಂಜೆಸ್


ತೆಗರ್
12 ಜನವರಿ 1986

ಅಬಿ-ಲೆ,

ನಿಮ್ಮ ಕಾಗದವನ್ನು ಶಾಲೆಯಲ್ಲಿ ಒಡೆದದ್ದು ತಪ್ಪಾಯಿತು. ಮೆಟ್ಟಿಲ ಕಥೆಗೆ ಜೋರಾಗಿ ನಕ್ಕೆ, ಮಕ್ಕಳೂ ನಕ್ಕವು. ಆಮೇಲಿನದ್ದನ್ನು ಓದಲು ಹೊರಗೆ ಹೋಗಬೇಕಾಯಿತು.

ಇಷ್ಟು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ಕೂತು ಬೆಳೆದವಳಿಗೆ ಇದು ಗೊತ್ತಿರಲಿಲ್ಲ. ಅಪ್ಪ ಸಂಕೋಚದ ಮನುಷ್ಯ ಎಂದಷ್ಟೇ ಅಂದುಕೊಂಡಿದ್ದೆ. ಈಗ ಒತ್ತಾಯ ಮಾಡಲು ನನಗೆ ಬಾಯಿ ಬರುತ್ತಿಲ್ಲ. ಅವರು ಬಂದರೂ ಸರಿ, ಬಾರದಿದ್ದರೂ ಸರಿ, ನಾನೇ ಮದುವೆಗೆ ಮೊದಲು ಲೇಹ್‌ಗೆ ಬಂದು ಅವರ ಪಕ್ಕ ಕೂತು ಊಟ ಮಾಡಿ ಹೋಗುತ್ತೇನೆ. ಹಾಗೆಂದು ಅವರಿಗೆ ಓದಿ ಹೇಳಿ. ಹೊಸಿಲು ದಾಟುವುದಿಲ್ಲ ಎಂದು ಬರೆದದ್ದನ್ನು ಮರೆಯಲು ಹೇಳಿ.

ನಿಮ್ಮ ಕೈಗಳಿಗೆ ಮುತ್ತು.

ಸ್ಪಲ್ಜೆಸ್


ಲೇಹ್
26 ಜನವರಿ 1986

ಮಗಳು ಸ್ಪಲ್ಜೆಸ್‌ಗೆ ಅಪ್ಪ ಬರೆಸುವುದು.

ಮೊದಲು ಒಂದು ದೂರು. ಅಮಾ-ಲೆಗೆ ತಲೆ ಕೆಟ್ಟಿದೆ. ದಿನವೂ ನಾನು ಬಂದು ಬಾಗಿಲಲ್ಲಿ ಕೂರುತ್ತೇನೆ, ದಿನವೂ ಇವರು ಎದ್ದು ಬಂದು ಎಳೆಯುತ್ತಾರೆ. ಅಕ್ಕಪಕ್ಕದವರು ಜಗಳ ಎಂದು ಬಂದು ನೋಡಿ ಹೋದರು. ಈಗ ಒಲೆಯ ಪಕ್ಕದ ಕಂಬಳಿಯ ಮೇಲೆ ಕೂತು ಇದನ್ನು ಹೇಳುತ್ತಿದ್ದೇನೆ. ಇಲ್ಲಿ ಬೆನ್ನು ಬಿಸಿಯಾಗಿ ನಿದ್ದೆ ಬರುತ್ತದೆ, ಮಾತು ಮರೆಯುತ್ತದೆ.

ನೀನು ಲೇಹ್‌ಗೆ ಬರುವುದು ಬೇಡ, ಕಣಿವೆ ದಾರಿ ಕೆಟ್ಟಿದೆ. ನಾವೇ ಬರುತ್ತೇವೆ. ಮಿಲಿಟರಿ ಲಾರಿಯಲ್ಲಿ ಎರಡು ಜಾಗ ಹೇಳಿದ್ದೇನೆ. ಅಮಾ-ಲೆ ಮುಂದೆ, ಡ್ರೈವರ್ ಪಕ್ಕ. ನಾನು ಹಿಂದೆ. ಇದಕ್ಕೂ ಎಳೆದಾಟ ನಡೆಯುತ್ತಿದೆ.

ಡಬ್ಬಿಯನ್ನು ಮೂಲೆಯಲ್ಲಿ ಇಡಿ. ನೀನು ಹೊಸಿಲು ದಾಟುವಾಗ ನಾನೇ ಊದುತ್ತೇನೆ, ನನ್ನ ಮಗಳ ಹೆಜ್ಜೆ ನನಗೆ ಗೊತ್ತು. ನೀನು ಒಳಗೆ ಹೋಗಿ ಕೂತ ಮೇಲೆ ಸೂರ್ನಾವನ್ನು ಅಮಾ-ಲೆ ಮಡಿಲಲ್ಲಿ ಇಟ್ಟು, ಮುಖ ತೊಳೆದು ಬಾಗಿಲಿಗೆ ಬರುತ್ತೇನೆ.

(ಇಲ್ಲಿಂದ ಮುಂದೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಮೂರು ಸಲ ಓದಿಸಿ ಕೇಳಿಕೊಂಡರು. ಕುಂಜೆಸ್.)

ಮುತುಪ್ ಅವರಿಗೆ ಇದನ್ನ ಹೇಳಮ್ಮ. ನಾಚ್ಕೋಬೇಡ, ನಾನು ಹೇಳ್ದೆ ಅಂತಾನೇ ಹೇಳು. ನಾನು ಬಂದು ಬಾಗಿಲಲ್ಲಿ ನಿಂತ್ಕೋತೀನಿ. ಅವರು ಎದ್ದು ಬರ್ಲಿ. ಬಂದು ತೋಳು ಹಿಡೀಲಿ. ನಾನು ಬೇಡ ಅಂತೀನಿ. ಇಲ್ಲೇ ಸಾಕು ಅಂತೀನಿ. ಜೋರಾಗೇ ಅಂತೀನಿ, ಬಾಗಿಲ ಚೌಕಟ್ಟು ಹಿಡ್ಕೊಂಡ್ರೂ ಹಿಡ್ಕೊಂಡೆ. ಅದು ಎಲ್ಲರೂ ಮಾಡೋದು, ನನಗೂ ಮಾಡ್ಬೇಕು ಅಂತ ಆಸೆ. ಅವರು ನಿಜ ಅಂದ್ಕೊಂಡು ಕೈ ಬಿಟ್ಬಿಡ್ಬಾರ್ದು.

ಅಷ್ಟು ಹೇಳಿದ್ರೆ ಸಾಕು.

ಅಪ್ಪ

ಮಗೂ, ಹರಿದ ತೋಳನ್ನು ನಾನೇ ಹೊಲಿದಿದ್ದೇನೆ. ಚಮ್ಮಾರನ ಹತ್ತಿರ ದಾರ ಕೇಳಿ ತಂದು, ಜೋಡಿ ಎಳೆಯಲ್ಲಿ, ಎರಡು ಸುತ್ತು. ನಿನ್ನ ಮಾವನಿಗೆ ಹೇಳು, ಎಷ್ಟು ಜೋರಾಗಿ ಬೇಕಾದರೂ ಎಳೆಯಲಿ.

ಕುಂಜೆಸ್